ಪದ್ಮಿನಿಗೆ ಬುದ್ಧಿ ಬಂತು

ಹಳೇ ಕಾರು ಇಟ್ಟುಕೊಂಡವರು ದಾರಿಯಲ್ಲಿ ಸಿಕ್ಕರೆ ಮಳೆ, ಬೆಳೆ, ರಾಜಕೀಯ ಏನು ಬೇಕಾದರೂ ಮಾತಾಡಿ, "ಕಾರು ಹೇಗಿದೆ ಸಾರ್?" ಎಂದು ಮಾತ್ರ ಕೇಳಬೇಡಿ. ಹೊಸ ಕಾರಿನವರು "ಚೆನ್ನಾಗಿದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿ ಮನೆ ಸೇರುತ್ತಾರೆ. ಹಳೇ ಕಾರಿನವರು ನಿಮ್ಮ ಕೈ ಹಿಡಿದು ಕರೆದುಕೊಂಡು ಹೋಗಿ ಬಾನೆಟ್ ಎತ್ತುತ್ತಾರೆ. ಎತ್ತಿದ ಬಾನೆಟ್ಟಿನ ಕೆಳಗೆ ಒಮ್ಮೆ ನಿಂತಿರೋ, ಬಿಡುಗಡೆ ಯಾವಾಗ ಎಂದು ಯಾವ ಜೋಯಿಸರೂ ಹೇಳಲಾರರು.

ನಮ್ಮ ಭಾವ ಈ ಪಂಗಡದ ಹಿರಿಯ ಸದಸ್ಯರು. ಬ್ಯಾಂಕಿನಿಂದ ನಿವೃತ್ತರಾಗಿ ಬನಶಂಕರಿಯ ಮನೆಯ ಶೆಡ್ಡಿನಲ್ಲಿ 1984ರ ಪ್ರೀಮಿಯರ್ ಪದ್ಮಿನಿಯೊಂದನ್ನು ಸಾಕಿಕೊಂಡಿದ್ದಾರೆ. 1,089 ಸಿಸಿ, ನಾಲ್ಕು ಸಿಲಿಂಡರು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಮೂರು ಜನ ಕೂರುವ ಉದ್ದನೆಯ ಸೀಟು. ಕಾರ್ಖಾನೆ ಬಿಟ್ಟಾಗ ನಲವತ್ತರ ಆಸುಪಾಸು ಅಶ್ವಶಕ್ತಿ ಇತ್ತಂತೆ. ಈಗ ಲಾಯದಲ್ಲಿ ಎಷ್ಟು ಕುದುರೆ ಉಳಿದಿವೆ, ಅವುಗಳಲ್ಲಿ ಎಷ್ಟಕ್ಕೆ ಹಲ್ಲಿವೆ ಎಂದು ಯಾರೂ ಎಣಿಸಲು ಹೋಗಿಲ್ಲ.

ಈ ಕಾರನ್ನು ಬೆಳಗ್ಗೆ ಎಬ್ಬಿಸುವುದು ಒಂದು ವಿಧಿ. ಚೋಕ್ ಎಳೆಯಬೇಕು, ಎಕ್ಸಲರೇಟರನ್ನು ಎರಡು ಸಲ ತುಳಿಯಬೇಕು, ಸೆಲ್ಫ್ ಹೊಡೆಯಬೇಕು, ಕೆಮ್ಮಿದರೆ ಚೋಕ್ ಅರ್ಧ ಬಿಡಬೇಕು. ಬಿಟ್ಟದ್ದು ಜಾಸ್ತಿಯಾದರೆ ನಿಂತುಹೋಗುತ್ತದೆ, ಬಿಡದಿದ್ದರೆ ಪ್ಲಗ್ ಒದ್ದೆಯಾಗುತ್ತದೆ. ಮೇ ತಿಂಗಳಿನಲ್ಲಿ ಇನ್ನೊಂದು ಕಾಟ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಬಿಸಿಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಪಂಪು ಗಾಳಿ ಜಗಿಯತೊಡಗುತ್ತದೆ, ಗಾಡಿ ಗಪ್‌ಚಿಪ್. ಆಗ ಭಾವ ಡಿಕ್ಕಿಯಿಂದ ಒದ್ದೆ ಬಟ್ಟೆ ತೆಗೆದು ಪೆಟ್ರೋಲ್ ಪಂಪಿನ ಮೇಲೆ ಹಾಕುತ್ತಾರೆ. ಸುತ್ತ ಹಾರ್ನ್ ಹೊಡೆಯುವವರು ಹೊಡೆಯುತ್ತಲೇ ಇರುತ್ತಾರೆ, ಇವರು ಜ್ವರ ಬಂದ ಮಗುವಿನ ತಂದೆಯ ಮುಖ ಮಾಡಿಕೊಂಡು ನಿಂತಿರುತ್ತಾರೆ. ಪಕ್ಕದ ಸೀಟಿನಲ್ಲಿ ಅಕ್ಕ ಕನ್ನಡಕ ತೆಗೆದು ಒರೆಸುತ್ತಾಳೆ. ಕನ್ನಡಕ ಒರೆಸಿದಳೆಂದರೆ ಮನೆಗೆ ಹೋದ ಮೇಲೆ ಮಾತಿದೆ ಎಂದರ್ಥ.

ಮೊದಲೇ ಹೀಗಿದ್ದಾಗ ಪೆಟ್ರೋಲೇ ಬದಲಾಯಿತು. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲು ದೇಶಕ್ಕೆ ಬಿಡುಗಡೆಯಾದದ್ದು ಎಲ್ಲಿ ಅಂದುಕೊಂಡಿರಿ? 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲಿಗೆ ಹಳೇ ಕಾಲದ ರಬ್ಬರು ಅಂದರೆ ಬಲು ಪ್ರೀತಿ. ಪೈಪು, ಡಯಾಫ್ರಮ್ಮು ಎಲ್ಲವನ್ನೂ ಮೆಲ್ಲಗೆ ಮೆಲ್ಲುತ್ತದೆ. ಅದೂ ಅಲ್ಲದೆ ಲೆಕ್ಕ ಬೇರೆ ತಪ್ಪುತ್ತದೆ. ಬರೀ ಪೆಟ್ರೋಲಾದರೆ ಒಂದು ಭಾಗ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಬರೀ ಎಥನಾಲಿಗೆ 9 ಭಾಗ ಸಾಕು. ಬೆರೆಸಿದ್ದಕ್ಕೆ ಹದಿಮೂರೂವರೆಯ ಸುಮಾರು. ಅಂದರೆ ಅದೇ ಗಾಳಿಗೆ ಪೆಟ್ರೋಲು ಮೊದಲಿಗಿಂತ ಜಾಸ್ತಿ ಸುರಿಯಬೇಕು. ಕಾರ್ಬ್ಯುರೇಟರಿನ ಜೆಟ್ಟಿಗೆ ಈ ಸುದ್ದಿ ಹೇಳುವವರಾರು? ಅದು 1984ರಲ್ಲಿ ಕೊರೆದ ತೂತು, 1984ರ ಲೆಕ್ಕದಲ್ಲೇ ಇದೆ.

"ಮಾವ, ಇಎಫ್‌ಐ ಹಾಕಿಸಿಬಿಡಿ" ಎಂದು ಕಿಡಿ ಹೊತ್ತಿಸಿದವನು ಭಾವನ ತಂಗಿಯ ಮಗ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಓದುತ್ತಿದ್ದಾನೆ ಎಂಬುದಕ್ಕೆ ಅವನ ಬಳಿ ಲ್ಯಾಪ್‌ಟಾಪ್ ಇರುವುದೇ ಸದ್ಯದ ಸಾಕ್ಷಿ. ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್! ಕಾರ್ಬ್ಯುರೇಟರ್ ಕಿತ್ತು ಆ ಜಾಗದಲ್ಲಿ ಥ್ರಾಟಲ್ ಬಾಡಿ ಕೂರಿಸುವುದು, ಅದರ ತಲೆಯ ಮೇಲೆ ಇಂಜೆಕ್ಟರು, ಅಲ್ಲಲ್ಲಿ ಸೆನ್ಸರು, ಎಲ್ಲದರ ಮೇಲೆ ಒಂದು ಪುಟ್ಟ ಕಂಪ್ಯೂಟರು. ಚೋಕಿಲ್ಲ, ಒದ್ದೆ ಬಟ್ಟೆಯಿಲ್ಲ, ಕೀ ತಿರುಗಿಸಿದರೆ ಸಾಕು.

ಭಾವನಿಗೆ ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಹಾಗಾಗಿ ಹುಡುಗ ಅದೇ ದಾರಿ ಹಿಡಿದ. ಕಾರ್ಬ್ಯುರೇಟರಿಗೆ ಓದುಬರಹ ಬರುವುದಿಲ್ಲ. ಗಾಳಿ ಹೋಗುವ ಕೊಳವೆಯ ನಡು ಸಣ್ಣಗಿರುತ್ತದೆ. ಅಲ್ಲಿ ಗಾಳಿಯ ಓಟ ಹೆಚ್ಚಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿ ನಿಂತ ಪೆಟ್ರೋಲು ಹಿತ್ತಾಳೆ ಜೆಟ್ಟಿನ ತೂತಿನಿಂದ ತಾನಾಗಿ ಎದ್ದು ಗಾಳಿಯ ಜೊತೆ ಹೊರಡುತ್ತದೆ. ಬರ್ನೂಲಿ 1738ರಲ್ಲೇ ಬರೆದಿಟ್ಟ ತತ್ತ್ವ. 1893ರ ಹೊತ್ತಿಗೆ ಜರ್ಮನಿಯಲ್ಲಿ ಮೇಬ್ಯಾಕ್, ಹಂಗೇರಿಯಲ್ಲಿ ಬಾಂಕಿ ಮತ್ತು ಚೋಂಕಾ ಅದನ್ನು ಎಂಜಿನ್ನಿಗೆ ಹೊಂದಿಸಿದರು. ಕೇಳಿದವರಿಗೆ ಕೇಳಿದಷ್ಟು ಕೊಡುವುದೇ ಅದರ ಧರ್ಮ. ಯಾಕೆ, ಏನು ಎಂದು ವಿಚಾರಿಸುವುದಿಲ್ಲ.

ಇಸಿಯು ಎಂಬ ಆ ಪುಟ್ಟ ಕಂಪ್ಯೂಟರು ಹಾಗಲ್ಲ, ಅದು ಖಜಾನೆಯ ಗುಮಾಸ್ತ. ಗಾಳಿಯ ಒತ್ತಡವೆಷ್ಟು, ಗಾಳಿ ಬಿಸಿಯೆಷ್ಟು, ಎಂಜಿನ್ನಿನ ನೀರು ಬಿಸಿಯೆಷ್ಟು, ಕಾಲು ಒತ್ತಿದ್ದೆಷ್ಟು, ಎಂಜಿನ್ ತಿರುಗುತ್ತಿರುವುದೆಷ್ಟು, ಎಲ್ಲ ವೋಚರು ಲಗತ್ತಿಸಿ ಅರ್ಜಿ ಹಾಕಬೇಕು. ಪರಿಶೀಲಿಸಿ "ಮಂಜೂರಾಗಿದೆ" ಎಂದು ಇಂಜೆಕ್ಟರಿನ ಬಾಯಿ ತೆರೆಸುತ್ತದೆ. ತೆರೆಯುವುದು ಕೆಲವೇ ಮಿಲಿಸೆಕೆಂಡು. ಒಂದು ಹನಿ ಹೆಚ್ಚಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ, ಸೈಲೆನ್ಸರಿನ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಲೆಕ್ಕಪರಿಶೋಧಕ ಬೇರೆ ಕೂತಿರುತ್ತದೆ. ಉರಿದ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಎಂದು ನೋಡಿ, ಕೊಟ್ಟ ಪೆಟ್ರೋಲು ಜಾಸ್ತಿಯಾಯಿತೋ ಕಮ್ಮಿಯಾಯಿತೋ ಎಂದು ಗುಮಾಸ್ತನಿಗೆ ಟಿಪ್ಪಣಿ ಕಳಿಸುತ್ತದೆ. ಇ20 ಹಾಕಿದರೂ ಈ ಟಿಪ್ಪಣಿಯ ಬಲದಿಂದಲೇ ಲೆಕ್ಕ ಸರಿಹೋಗುವುದು.

ಆಡಿಟ್ ಅಂದ ಕೂಡಲೇ ಭಾವನ ಕಣ್ಣು ಹೊಳೆಯಿತು.

ಅಡ್ಡಿಯಿದ್ದದ್ದು ನಿಜವಾದ ಖಜಾನೆಯದು. "ಆ ಡಬ್ಬದ ರಿಪೇರಿಗೆ ಇನ್ನು ಮೇಲೆ ಒಂದು ಪೈಸೆ ಇಲ್ಲ" ಎಂದು ಅಕ್ಕ ಎಂದೋ ಆದೇಶ ಹೊರಡಿಸಿಯಾಗಿತ್ತು. ಭಾವ ಒಂದು ವಾರ ಊಟದ ಹೊತ್ತಿಗೆ ರಿಪೇರಿಯ ಮಾತೇ ಎತ್ತದೆ ತಂತ್ರಜ್ಞಾನ, ಪರಿಸರ, ಹೊಗೆ, ಮೊಮ್ಮಕ್ಕಳ ಶ್ವಾಸಕೋಶ ಎಂದೆಲ್ಲ ಪ್ರವಚನ ಮಾಡಿದರು. ಕೊನೆಗೆ "ಸಿಗ್ನಲ್ಲಲ್ಲಿ ನಿಲ್ಲೋದಿಲ್ಲ ತಾನೆ?" ಎಂಬ ಒಂದೇ ಪ್ರಶ್ನೆ ಕೇಳಿ ಅಕ್ಕ ಸಹಿ ಹಾಕಿದಳು.

ಈಗ ಕಿಟ್ಟಿನ ಮಾತು. ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ. ನೋಡಲು ಹಳೇ ನಾಲ್ಕು ಬಾಯಿಯ ಕಾರ್ಬ್ಯುರೇಟರಿನಂತೆಯೇ ಇರುವ ಥ್ರಾಟಲ್ ಬಾಡಿ, ಕಂಪ್ಯೂಟರು ಅದರ ಪಕ್ಕೆಗೇ ಅಂಟಿಕೊಂಡಿರುತ್ತದೆ. ಹಳೆಯದನ್ನು ಬಿಚ್ಚಿ ಅದೇ ಬೋಲ್ಟಿಗೆ ಇದನ್ನು ಬಿಗಿದು, ಅಂಗೈಯಗಲದ ಪರದೆಯಲ್ಲಿ ಎಂಜಿನ್ ಎಷ್ಟು ದೊಡ್ಡದು, ಸಿಲಿಂಡರ್ ಎಷ್ಟು ಎಂದು ತುಂಬಿದರೆ, ಓಡಿಸುತ್ತ ಓಡಿಸುತ್ತ ತಾನೇ ಕಲಿತುಕೊಳ್ಳುತ್ತದೆ. ಭಾವ ಅದರ ಚಿತ್ರ ನೋಡಿ ಜೊಲ್ಲು ಸುರಿಸಿದರು. ಆದರೆ ಆ ಕಿಟ್ಟುಗಳ ಅಳತೆಯೆಲ್ಲ ಅಲ್ಲಿಯ ವಿ8 ಎಂಜಿನ್ನಿಗೆ, 350 ಕ್ಯೂಬಿಕ್ ಇಂಚು, ಅಂದರೆ ನಮ್ಮ ಲೆಕ್ಕದಲ್ಲಿ 5.7 ಲೀಟರು. ಪದ್ಮಿನಿಯಂಥವು ಐದು ಸೇರಿದರೂ ಆ ಹೊಟ್ಟೆ ತುಂಬುವುದಿಲ್ಲ.

ಅಮೆರಿಕದವರು ಇದರಲ್ಲಿ ಪಳಗಿದವರು ಎಂದು ಭಾವ ಹೊಗಳುತ್ತಿದ್ದಾಗ ಹುಡುಗ ಒಂದು ಕತೆ ಹೇಳಿದ. ಪೆಟ್ರೋಲ್ ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಿ ಮಾರಲು ಹೊರಟ ಮೊದಲಿಗರೂ ಅವರೇ. ಬೆಂಡಿಕ್ಸ್ ಕಂಪನಿಯ ಎಲೆಕ್ಟ್ರೋಜೆಕ್ಟರ್ ಅಂತ. 1957ರಲ್ಲಿ ಘೋಷಣೆಯಾಗಿ 1958ರ ಕ್ರೈಸ್ಲರ್ ಬಳಗದ ಮೂವತ್ತೈದು ಕಾರುಗಳಿಗೆ ಹಾಕಿದರು. ಅಂದಿನ ಎಲೆಕ್ಟ್ರಾನಿಕ್ಸ್‌ಗೆ ಬಾನೆಟ್ಟಿನ ಕೆಳಗಿನ ಬಿಸಿ, ಅದುರುವಿಕೆ ತಡೆಯಲಾಗಲಿಲ್ಲ. ಆಮೇಲೇನಾಯಿತು? ಹೆಚ್ಚಿನವಕ್ಕೆ ಇಎಫ್‌ಐ ಕಿತ್ತುಹಾಕಿ ಕಾರ್ಬ್ಯುರೇಟರ್ ಕೂರಿಸಿಕೊಟ್ಟರು! ನಾವು ಈಗ ಮಾಡುವುದರ ತದ್ವಿರುದ್ಧ. ಬೆಂಡಿಕ್ಸ್‌ನ ಹಕ್ಕುಗಳು ಜರ್ಮನಿಯ ಬಾಷ್‌ಗೆ ಸೇರಿ, ಅವರು 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಡಿ-ಜೆಟ್ರಾನಿಕ್ ಹಾಕಿದ ಮೇಲೆಯೇ ಈ ವಿದ್ಯೆ ಕಾಲೂರಿದ್ದು. ಆ ಬಾಷ್‌ನ ನಂಟಿನ ಮೈಕೋ ಕಾರ್ಖಾನೆ 1950ರ ದಶಕದಿಂದಲೂ ನಮ್ಮ ಆಡುಗೋಡಿಯಲ್ಲೇ ಇತ್ತಲ್ಲ ಎಂದು ಭಾವ ಬೀಗಿದರು. ಇತ್ತು ನಿಜ, ಆದರೆ ಅಲ್ಲಿ ಮಾಡುತ್ತಿದ್ದದ್ದು ಡೀಸೆಲ್ ಪಂಪು, ಪ್ಲಗ್ಗು. ನಮ್ಮ ಪೆಟ್ರೋಲ್ ಕಾರುಗಳು ಕಾರ್ಬ್ಯುರೇಟರನ್ನೇ ನಂಬಿಕೊಂಡಿದ್ದವು. 1983ರಲ್ಲಿ ಬಂದ ಮಾರುತಿ 800 ಕೂಡ ಹೊಗೆಯ ಕಾನೂನು ಬಿಗಿಯಾಗಿ 2000ದ ಸುಮಾರಿಗೆ ಎಂಪಿಎಫ್‌ಐ ಎಂಬ ಇಂಜೆಕ್ಷನ್ನಿಗೆ ತಿರುಗುವ ತನಕ ಚೋಕಿನ ಕಾರೇ.

ಸಿದ್ಧ ಕಿಟ್ ಹೊಂದದು ಎಂದಾದ ಮೇಲೆ ಉಳಿದದ್ದು ಒಂದೇ ದಾರಿ: ಬೆಂಗಳೂರು ಸುತ್ತುವುದು. ಶಿವಾಜಿನಗರದ ಗುಜರಿಯಲ್ಲಿ ಯಾವುದೋ ಸಣ್ಣ ಕಾರಿನ ಥ್ರಾಟಲ್ ಬಾಡಿ, ಜೆ.ಸಿ. ರಸ್ತೆಯಲ್ಲಿ ಪಂಪು, ಫಿಲ್ಟರು, ಪೈಪು. ಮಿದುಳಿಗೆ ಎಸ್.ಪಿ. ರಸ್ತೆ. ಹುಡುಗ ಆರಿಸಿದ್ದು ಸ್ಪೀಡುಯಿನೋ. ಮಕ್ಕಳು ವಿಜ್ಞಾನ ಮೇಳಕ್ಕೆ ದೀಪ ಮಿನುಗಿಸುತ್ತಾರಲ್ಲ, ಆ ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ಕಟ್ಟುವ, ನಕ್ಷೆ-ಪ್ರೋಗ್ರಾಮು ಎಲ್ಲ ಬಿಚ್ಚಿಟ್ಟು ಹಂಚುವ ಇಸಿಯು. "ಇಷ್ಟೇ ಇಷ್ಟು ಬೋರ್ಡು ಕಾರು ಓಡಿಸುತ್ತೇನೋ?" ಎಂದು ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಮೂಸಿಯೂ ನೋಡಿದರು.

ಕೆಲಸಕ್ಕೆ ಮೊದಲು ಮೇಸ್ತ್ರಿಯ ಒಪ್ಪಿಗೆ ಬೇಕಲ್ಲ. ಪದ್ಮಿನಿಯ ಹಳೇ ಮೇಸ್ತ್ರಿ ಅಂದರೆ ಕಿವಿಯಲ್ಲೇ ಟ್ಯೂನಿಂಗ್ ಮಾಡುವವರು. ಕ್ಲಚ್ ಕೇಬಲ್ಲಿನ ಒಂದೆಳೆ ತಂತಿ ಬಿಡಿಸಿ ಜೆಟ್ಟಿಗೆ ಚುಚ್ಚಿ, ಬಾಯಲ್ಲಿ ಊದಿ, ಸ್ಕ್ರೂ ಕಾಲು ಸುತ್ತು ಹಿಂದೆ ತಿರುಗಿಸಿ, ತಲೆ ವಾಲಿಸಿ ಕೇಳಿ, "ಈಗ ಸ್ಲೋ ಕರೆಕ್ಟಾಗಿ ನಿಂತೈತೆ" ಎಂದರೆ ಮುಗಿಯಿತು. ಲ್ಯಾಪ್‌ಟಾಪ್ ಕಂಡು ಅವರು ಹುಬ್ಬು ಹಾರಿಸಿದರು.

"ಸಾರ್, ಕಾರ್ಬೊರೇಟರ್ ಕೈ ಕೊಟ್ರೆ ತಿರುಪತಿ ದಾರೀಲೂ ನಾಲ್ಕು ಜನ ಬಿಚ್ಚೋರು ಸಿಗ್ತಾರೆ. ಇದು ಕೈ ಕೊಟ್ರೆ ಯಾರನ್ನ ಕರೀತೀರಾ?"

"ನನ್ನ ಕರೀಲಿ" ಎಂದ ಹುಡುಗ.

"ಪರೀಕ್ಷೆ ಇದ್ರೆ?" ಎಂದರು ಮೇಸ್ತ್ರಿ. ಹುಡುಗನ ಬಳಿ ಉತ್ತರವಿರಲಿಲ್ಲ. ಆದರೂ ಮೇಸ್ತ್ರಿ ಬಂದರು. ಬೇರೆಯವರ ಕೈಗೆ ಪದ್ಮಿನಿಯನ್ನು ಒಪ್ಪಿಸಿ ಮನೆಯಲ್ಲಿ ಕೂರುವುದು ಅವರಿಂದ ಆಗದ ಮಾತು.

ಓದುಗ ಮಹಾಶಯರೇ, ಇಎಫ್‌ಐ ಹಾಕುವುದೆಂದರೆ ಇಂಜೆಕ್ಟರ್ ಹಾಕುವುದು ಎಂದು ನೀವು ತಿಳಿದಿದ್ದರೆ, ನಮ್ಮ ಭಾವನೂ ಹಾಗೆಯೇ ತಿಳಿದಿದ್ದರು. ಇಂಜೆಕ್ಟರ್ ಕೂರಿಸಿದ್ದು ಒಂದು ಮಧ್ಯಾಹ್ನ. ಮಿಕ್ಕಿದ್ದೆಲ್ಲ ಪೆಟ್ರೋಲಿನ ಕೊಳಾಯಿ ಕೆಲಸ, ವೈರಿಂಗ್ ಕೆಲಸ, ಮತ್ತು ನಲವತ್ತು ವರ್ಷದ ಪಾಪ ತೊಳೆಯುವ ಕೆಲಸ.

ಮೊದಲು ಪೆಟ್ರೋಲು. ಕಾರ್ಬ್ಯುರೇಟರಿನ ಬಟ್ಟಲು ತುಂಬಲು ಕಾಲು ಬಾರ್ ಒತ್ತಡ ಸಾಕು. ಇಂಜೆಕ್ಟರಿಗೆ ಮೂರು ಬಾರ್ ಬೇಕು. ಹಳೇ ರಬ್ಬರ್ ಪೈಪಿಗೆ ಆ ಒತ್ತಡ ಕೊಟ್ಟರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲಿನ ಪ್ರೋಕ್ಷಣೆಯಾಗಿ, ಪದ್ಮಿನಿ ಚಿತ್ತೋರಿನ ರಾಣಿಯ ಹಾದಿ ಹಿಡಿದೀತು. ಅದಕ್ಕೇ ಟ್ಯಾಂಕಿನಿಂದ ಎಂಜಿನ್ನಿನವರೆಗೆ ಹೊಸ ಪೈಪು, ಇಂಜೆಕ್ಷನ್ನಿಗೆಂದೇ ಬರುವ ರಬ್ಬರು, ಅದರದೇ ಕ್ಲಾಂಪು. ಜೊತೆಗೆ ಮಿಕ್ಕಿದ ಪೆಟ್ರೋಲು ವಾಪಸ್ ಟ್ಯಾಂಕಿಗೆ ಹೋಗಲು ಇನ್ನೊಂದು ಪೈಪು. ಈ ಹೋಗಿ ಬರುವ ವ್ಯವಹಾರದಲ್ಲೇ ಒದ್ದೆ ಬಟ್ಟೆಯ ರೋಗಕ್ಕೆ ಮದ್ದಿದೆ: ಒತ್ತಡದಲ್ಲಿರುವ ಪೆಟ್ರೋಲು ಬೇಗ ಕುದಿಯುವುದಿಲ್ಲ, ಓಡಾಡುತ್ತಿರುವುದಕ್ಕೆ ಒಂದೆಡೆ ನಿಂತು ಕಾಯುವ ಪುರುಸೊತ್ತೂ ಇಲ್ಲ.

ಟ್ಯಾಂಕ್ ಇಳಿಸಿದಾಗ ಮೇಸ್ತ್ರಿ ಅದನ್ನು ಬಗ್ಗಿಸಿ ಕುಲುಕಿದರು. ಒಳಗಿನಿಂದ ಕಾಫಿಪುಡಿಯ ಬಣ್ಣದ ತುಕ್ಕು ಜರಜರ ಉದುರಿತು. ಕಾರ್ಬ್ಯುರೇಟರು ಇದನ್ನೆಲ್ಲ ಅಷ್ಟಿಷ್ಟು ನುಂಗಿ, ಬಟ್ಟಲಿನ ತಳದಲ್ಲಿ ಇಳಿಸಿಕೊಂಡು ಕಾಲ ಹಾಕಿತ್ತು. ಇಂಜೆಕ್ಟರಿನ ಬಾಯಿ ಕೂದಲೆಳೆಯಷ್ಟು, ಒಂದು ಕಣ ಸಿಕ್ಕಿಕೊಂಡರೂ ಮುಷ್ಕರ. ಟ್ಯಾಂಕ್ ತೊಳೆದದ್ದಾಯಿತು. ಹಳೇ ಟ್ಯಾಂಕಿನಲ್ಲಿ ಇನ್ನೊಂದು ಗುಣವಿದೆ: ಪೆಟ್ರೋಲು ಕಮ್ಮಿಯಿದ್ದಾಗ ತಿರುವಿನಲ್ಲಿ ಅದೆಲ್ಲ ಒಂದು ಮೂಲೆಗೆ ಓಡಿ ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಕಾರ್ಬ್ಯುರೇಟರಿನಲ್ಲಿ ಬಟ್ಟಲು ತುಂಬಿರುವುದರಿಂದ ಗೊತ್ತೇ ಆಗುತ್ತಿರಲಿಲ್ಲ; ಇಂಜೆಕ್ಷನ್ನಿನಲ್ಲಿ ಆ ಕ್ಷಣವೇ ಗಕ್ಕನೆ ಎಳೆತ ತಪ್ಪುತ್ತದೆ. ಅದಕ್ಕೆ ನಡುವೆ ಒಂದು ಪುಟ್ಟ ಉಪಟ್ಯಾಂಕು.

ಆಮೇಲೆ ಕರೆಂಟು. ಹಳೇ ಡೈನಮೋ ಸ್ಲೋದಲ್ಲಿ ನಿಂತಾಗ ಚಾರ್ಜನ್ನೇ ಕೊಡುವುದಿಲ್ಲ. ಅದರ ಮೇಲೆ ಈಗ ಕರೆಂಟಿನ ಪಂಪು ಬೇರೆ ಸದಾ ಓಡಬೇಕು. ಸರಿ, ಡೈನಮೋ ಇಳಿಯಿತು, ಆಲ್ಟರ್ನೇಟರ್ ಏರಿತು. ತಾಮ್ರದ ಎಳೆಯ ಪ್ಲಗ್ ವೈರು ಸ್ಪಾರ್ಕ್ ಹೊಡೆದಾಗಲೆಲ್ಲ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಹಿಂದೆಲ್ಲ ಅದರಿಂದ ಆಗುತ್ತಿದ್ದ ನಷ್ಟ ಕಾರಿನ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿಸದೆ ಹೋಗುತ್ತಿದ್ದದ್ದು. ಈಗ ಇಸಿಯು ಬೆದರಿ ಎಂಜಿನ್ನಿನ ವೇಗವನ್ನೇ ತಪ್ಪು ಎಣಿಸುತ್ತದೆ. ಒಳಗೆ ರೆಸಿಸ್ಟೆನ್ಸ್ ಇರುವ ವೈರು ಬಂತು. ಎಲ್ಲಕ್ಕಿಂತ ದೊಡ್ಡ ಪುರಾಣ ಅರ್ಥಿನದು. ಬ್ಯಾಟರಿಯ ನೆಗೆಟಿವ್ ತಂತಿ ಬಾಡಿಗೆ ತಗಲುವ ಜಾಗದಲ್ಲಿ ಬಣ್ಣ, ಅದರ ಮೇಲೆ ತುಕ್ಕು, ಅದರ ಮೇಲೆ ಮತ್ತೆ ಬಣ್ಣ. ಸೆಲ್ಫ್ ಹೊಡೆದ ಕೂಡಲೇ ವೋಲ್ಟೇಜ್ ಕುಸಿದು ಇಸಿಯು ಪ್ರಜ್ಞೆ ತಪ್ಪುತ್ತಿತ್ತು. ಮೇಸ್ತ್ರಿ ಉಜ್ಜುಕಾಗದ ಹಿಡಿದು ತಗಡು ಬೆಳ್ಳಗಾಗುವ ತನಕ ತಿಕ್ಕಿ ಹೊಸ ದಪ್ಪ ತಂತಿ ಬಿಗಿದರು.

ಅಂತೂ ಒಂದು ಭಾನುವಾರ ಕೀ ತಿರುಗಿಸುವ ಮುಹೂರ್ತ ಬಂತು. ಅಕ್ಕ ನಿಂಬೆಹಣ್ಣು ತಂದಿಟ್ಟಳು, ಭಾವ ಬೆಂಕಿ ಆರಿಸುವ ಸಿಲಿಂಡರು ತಂದಿಟ್ಟರು. ಇಬ್ಬರ ನಂಬಿಕೆಯೂ ಅವರವರದು. ಕೀ ಒಂದು ಹಂತ ತಿರುಗಿಸಿದಾಗ ಹಿಂದೆ ಪಂಪು ಎರಡು ಸೆಕೆಂಡು "ಕುಂಯ್ಞ್" ಎಂದು ನಿಂತಿತು. "ಕೆಟ್ಟೋಯ್ತು" ಎಂದರು ಭಾವ. "ಇಲ್ಲ ಮಾವ, ಒತ್ತಡ ತುಂಬಿಸಿ ಕಾಯ್ತಾ ಇದೆ. ಎಂಜಿನ್ ತಿರುಗದೆ ಇದ್ರೆ ಪಂಪು ನಿಲ್ಲಬೇಕು, ಅದೇ ಸೇಫ್ಟಿ" ಎಂದ ಹುಡುಗ. ಭಾವ ಲ್ಯಾಪ್‌ಟಾಪಿನ ಪರದೆಗೆ ಬಗ್ಗಿದರು. ಎಂಜಿನ್ ಇನ್ನೂ ಹೊರಟಿಲ್ಲ, ಗಾಳಿಯ ಒತ್ತಡದ ಮುಳ್ಳು ಮಾತ್ರ 91 ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು.

"ಗಾಳಿ 101 ಇರಬೇಕು ಅಂತ ನಾನೂ ಓದಿದೀನಿ. ಹತ್ತು ಕಮ್ಮಿ ಇದೆಯಲ್ಲೋ! ಸೆನ್ಸರ್ ಡ್ಯಾಮೇಜ್ ಪೀಸ್ ಕೊಟ್ಟಿದಾನೆ."

"ಅದು ಮಂಗಳೂರಿನ ಲೆಕ್ಕ ಮಾವ. ನಾವು ಸಮುದ್ರಕ್ಕಿಂತ 900 ಮೀಟರ್ ಮೇಲಿದೀವಿ."

ಭಾವನಿಗೆ ಬೆಂಗಳೂರು ಎತ್ತರದಲ್ಲಿದೆ ಎಂಬುದು ಶಾಲೆಯಿಂದಲೂ ಗೊತ್ತು. ತಮ್ಮ ಶೆಡ್ಡೂ ಅದೇ ಎತ್ತರದಲ್ಲಿದೆ ಎಂಬುದು ಹೊಳೆದದ್ದು ಆಗ. ಎತ್ತರ ಹೋದಷ್ಟೂ ಗಾಳಿ ತೆಳು, ಗಾಳಿ ತೆಳುವಾದಷ್ಟೂ ಪೆಟ್ರೋಲು ಕಮ್ಮಿ ಬೇಕು. ಊಟಿಯಲ್ಲಿ ಸಮುದ್ರಮಟ್ಟಕ್ಕಿಂತ ಶೇ 20ರಷ್ಟು ಕಮ್ಮಿ ಗಾಳಿ. ಕಾರ್ಬ್ಯುರೇಟರಿನ ತೂತಿಗೆ ಅದು ಗೊತ್ತಾಗದೆ ಬೇಕಾದ್ದಕ್ಕಿಂತ ಹೆಚ್ಚು ಸುರಿದು ಘಟ್ಟದಲ್ಲಿ ಕರಿ ಹೊಗೆ ಬಿಡುತ್ತಿತ್ತು. ಇಸಿಯು ಕೀ ತಿರುಗಿಸಿದ ಕೂಡಲೇ ಊರಿನ ಎತ್ತರ ಅಳೆದುಕೊಂಡುಬಿಡುತ್ತದೆ.

ಸೆಲ್ಫ್ ಹೊಡೆದರು, ಹೊರಟಿತು. ನಿಂಬೆಹಣ್ಣಿನ ಮೇಲೆ ಒಂದಿಂಚು ಮುಂದೆ ಹೋಗಿ ನಿಂತಿತು. ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ನಿಜವಾದ ಆಟ ಶುರುವಾಯಿತು. ಗಾಡಿ ಕುಡಿಯುತ್ತದೆ, ವಿಪರೀತ ಕುಡಿಯುತ್ತದೆ. ಊರೆಲ್ಲ ಸುತ್ತಿ ಬಂದರೂ ಪರದೆಯಲ್ಲಿ ನೀರಿನ ಬಿಸಿ 55 ಡಿಗ್ರಿ ದಾಟುವುದಿಲ್ಲ. ಎಂಜಿನ್ ಇನ್ನೂ ಕಾದಿಲ್ಲ ಎಂದು ನಂಬಿ ಇಸಿಯು ಚಳಿಗಾಲದ ಲೆಕ್ಕದಲ್ಲಿ ಹೆಚ್ಚುವರಿ ಪೆಟ್ರೋಲು ಮಂಜೂರು ಮಾಡುತ್ತಲೇ ಇದೆ. ಸೆನ್ಸರ್ ಬದಲಾಯಿಸಿದರು, ವೈರು ನೋಡಿದರು. ಕೊನೆಗೆ ಹುಡುಗ ಕೇಳಿದ, "ಮೇಸ್ತ್ರಿ, ಇದರಲ್ಲಿ ಥರ್ಮೋಸ್ಟಾಟ್ ಇದೆಯಾ?"

ಮೇಸ್ತ್ರಿ ಮೀಸೆ ಸವರಿಕೊಂಡರು. "ಅದ್ನ ಯಾವತ್ತೋ ತೆಗ್ದು ಬಿಸಾಕಿದೀನಲ್ಲ. ಗಾಡಿ ಹೀಟ್ ಆಗಬಾರ್ದು ಅಂತ."

ನಮ್ಮ ದೇಶದ ಗ್ಯಾರೇಜುಗಳ ರಾಷ್ಟ್ರೀಯ ಚಿಕಿತ್ಸೆ ಇದು. ಎಂಜಿನ್ ಸರಿಯಾದ ಬಿಸಿಗೆ ಬರುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟವನ್ನು, ಹೀಟ್ ಆದೀತೆಂಬ ಭಯಕ್ಕೆ ಕಿತ್ತೆಸೆಯುವುದು. ಕಾರ್ಬ್ಯುರೇಟರಿಗೆ ನೀರಿನ ಬಿಸಿ ಕೇಳುವ ಅಭ್ಯಾಸವಿಲ್ಲದ್ದರಿಂದ ಗುಟ್ಟು ರಟ್ಟಾಗಿರಲಿಲ್ಲ. ಹೊಸ ಥರ್ಮೋಸ್ಟಾಟ್ ಹಾಕಿದ ದಿನ ಮುಳ್ಳು 80 ದಾಟಿ ನಿಂತಿತು, ಪದ್ಮಿನಿಯ ದಾಹ ಇಳಿಯಿತು.

ಪೂರ್ತಿ ಇಳಿಯಲಿಲ್ಲ. ಎಂಜಿನ್ನಿಗೂ ಸೈಲೆನ್ಸರಿಗೂ ಜೋಡಣೆಯಿರುವಲ್ಲಿ ಗ್ಯಾಸ್ಕೆಟ್ ಸುಟ್ಟು ಸಣ್ಣ ಸಂದು. ಅಲ್ಲಿಂದ ಹೊರಗಿನ ಗಾಳಿ ಒಳಗೆ ನುಸುಳಿ ನಮ್ಮ ಲೆಕ್ಕಪರಿಶೋಧಕನ ಮೂಗಿಗೆ ಬಡಿಯುತ್ತಿತ್ತು. ಅದು "ಆಕ್ಸಿಜನ್ ಜಾಸ್ತಿಯಿದೆ, ಪೆಟ್ರೋಲು ಸಾಲದು" ಎಂದು ಬರೆದು ಕಳಿಸುವುದು, ಗುಮಾಸ್ತ ಇನ್ನಷ್ಟು ಸುರಿಯುವುದು. ಸುಳ್ಳು ವೋಚರಿಗೆ ಪ್ರಾಮಾಣಿಕ ಮಂಜೂರಾತಿ! ಭಾವ ಇದನ್ನು ಕೇಳಿ "ಇಂಥ ಕೇಸು ನಮ್ಮ ಬ್ರಾಂಚಲ್ಲೂ ಇತ್ತು" ಎಂದು ನಿಟ್ಟುಸಿರಿಟ್ಟರು. ಗ್ಯಾಸ್ಕೆಟ್ ಬದಲಾದ ಮೇಲೆ ಲೆಕ್ಕ ತಾಳೆಯಾಯಿತು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಹುಡುಗ ಪೆಟ್ರೋಲಿನ ಕೋಷ್ಟಕ ತೋರಿಸಿಬಿಟ್ಟ. ಅಡ್ಡಕ್ಕೆ 16 ಮನೆ, ಉದ್ದಕ್ಕೆ 16 ಮನೆ, ಒಟ್ಟು 256 ಅಂಕಿ. ಇಂಥ ವೇಗಕ್ಕೆ, ಇಂಥ ಒತ್ತಡಕ್ಕೆ ಇಷ್ಟು ಗಾಳಿ ಎಂದು ಒಂದೊಂದನ್ನೂ ತಿದ್ದಬಹುದು. ಜೀವಮಾನವಿಡೀ ಲೆಡ್ಜರ್ ಬರೆದ ಮನುಷ್ಯನಿಗೆ ಇದನ್ನು ತೋರಿಸುವುದೇ? ಈಗ ಭಾವ ರಾತ್ರಿ ಹನ್ನೊಂದಾದರೂ ಶೆಡ್ಡಿನಲ್ಲಿ ಕಾರಿನೊಳಗೆ ಕೂತು ಅಂಕಿ ತಿದ್ದುತ್ತಾರೆ. "ಮೊದ್ಲು ಕೈ ಕಪ್ಪಾಗಿರ್ತಿತ್ತು, ಈಗ ಕಣ್ಣು ಕೆಂಪಗಿರತ್ತೆ, ಅಷ್ಟೇ ವ್ಯತ್ಯಾಸ" ಎನ್ನುತ್ತಾಳೆ ಅಕ್ಕ.

ಕಾನೂನಿನ ಮಾತೂ ಒಂದಿದೆ, ಹೇಳಿಬಿಡುತ್ತೇನೆ, ನಾಳೆ ನೀವು ನನ್ನನ್ನು ಹಿಡಿಯಬಾರದು. ತಯಾರಕರು ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಎಂಜಿನ್ ಅದೇ, ಚಾಸಿ ಅದೇ, ಕುಡಿಯುವುದು ಪೆಟ್ರೋಲೇ ಎಂಬುದು ಭಾವನ ವಾದ. ವಾದ ಏನೇ ಇರಲಿ, ಸ್ಪ್ಯಾನರ್ ಎತ್ತುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ. ಇನ್ನು 50 ವರ್ಷ ತುಂಬಿಸಿ ವಿಂಟೇಜ್ ಪಟ್ಟ ಕಟ್ಟಿಸಬೇಕೆಂದಿದ್ದರೆ ಹಳೇ ಕಾರ್ಬ್ಯುರೇಟರನ್ನು ಗುಜರಿಗೆ ಹಾಕಬೇಡಿ. ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿ ಮೂಲರೂಪದಲ್ಲಿರಬೇಕೆಂದು 2021ರ ನಿಯಮ ಹೇಳುತ್ತದೆ.

ನಷ್ಟಗಳೇ ಇಲ್ಲವೇ? ಇವೆ. ಮುಂಚೆ ಬ್ಯಾಟರಿ ಸತ್ತರೂ ಬೀದಿಯವರು ಸೇರಿ ನಾಲ್ಕು ಹೆಜ್ಜೆ ನೂಕಿದರೆ ಗಾಡಿ ಹೊರಡುತ್ತಿತ್ತು. ಈಗ ಪಂಪಿಗೂ ಇಸಿಯುಗೂ ಕರೆಂಟಿಲ್ಲದೆ ಎಷ್ಟು ನೂಕಿದರೂ ಬರುವುದು ಬೆವರು ಮಾತ್ರ. ಎದುರು ಮನೆಯವರ ಹೆಸರು, ಅವರ ಮಗಳ ಮದುವೆ, ಮೂಲೆ ಮನೆಯವರ ಬಿಪಿ ಎಲ್ಲವೂ ಭಾವನಿಗೆ ಗೊತ್ತಿದ್ದದ್ದು ಅವರು ಕಾರು ನೂಕಲು ಬರುತ್ತಿದ್ದುದರಿಂದ. ಈಗ ಆ ಸಮಾಚಾರಕ್ಕೆ ಅಕ್ಕನನ್ನೇ ಕೇಳಬೇಕು.

ಮೊನ್ನೆ ಎಮಿಷನ್ ಟೆಸ್ಟಿನಲ್ಲಿ ಸಲೀಸಾಗಿ ಪಾಸಾಗಿ ಬಂದ ಸಂತೋಷಕ್ಕೆ ಭಾವ ಮೇಸ್ತ್ರಿಗೆ ಊಟಕ್ಕೆ ಹೇಳಿದ್ದರು. ಮೇಸ್ತ್ರಿ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, ತುಂಬ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಟ್ಯಾಂಕ್ ತೊಳ್ಸಿದ್ರಿ, ಪೈಪೆಲ್ಲ ಹೊಸದು ಹಾಕ್ಸಿದ್ರಿ. ಅರ್ಥ್ ಸರಿ ಆಯ್ತು, ಆಲ್ಟರ್ನೇಟರ್ ಬಂತು, ಪ್ಲಗ್ ವೈರು, ಥರ್ಮೋಸ್ಟಾಟು, ಗ್ಯಾಸ್ಕೆಟ್ಟು. ಇಷ್ಟೂ ಮಾಡ್ಸಿ ನನ್ನ ಕಾರ್ಬೊರೇಟರನ್ನೇ ವಾಪಸ್ ಕೂರ್ಸಿದ್ರೂ ಗಾಡಿ ಮುಕ್ಕಾಲು ಪಾಲು ಹಿಂಗೇ ಓಡ್ತಿತ್ತಲ್ವಾ?"

ಹುಡುಗ ಊಟಿಯ ಎತ್ತರ, ಇ20, ಸಿಲ್ಕ್ ಬೋರ್ಡಿನ ಬಿಸಿಲು ಎಂದು ಉಳಿದ ಕಾಲು ಪಾಲಿನ ಪರವಾಗಿ ಬಾಯಿ ತೆರೆದ. ಭಾವ ಕೈಯೆತ್ತಿ ತಡೆದರು. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಓಡ್ತಿತ್ತು ಮೇಸ್ತ್ರಿ, ನನಗೂ ಗೊತ್ತು. ಆದ್ರೆ ಹಳೇ ಕಾರಿನ ರಿಪೇರಿ ಅಂತ ಕೇಳಿದ್ರೆ ಈ ಮನೇಲಿ ದುಡ್ಡು ಹುಟ್ತಿತ್ತಾ? ಇಎಫ್‌ಐ ಅಂದಿದ್ದಕ್ಕೆ ಅಲ್ವಾ ಮಂಜೂರಾದದ್ದು!"

"ಕೇಳಿಸ್ತು ರೀ" ಎಂದಿತು ಅಡುಗೆಮನೆ. "ಮುಂದಿನ ಸಲ ವೋಚರ್ ಸಮೇತ ಬನ್ನಿ. ಆಡಿಟ್ ಇರತ್ತೆ."